ಮಾಡೋ ದೋಣಿಯೋ? ಎಲೆಯ ಮಡಿಕೆಯಿಂದ ತಾಳೆ ಕುಟುಂಬದ ಮರಗಳನ್ನು ಗುರುತಿಸುವ ಕ್ರಮ

ತಾಳೆ, ಈಚಲು, ತೆಂಗು. ಈ ಮೂರರಲ್ಲಿ ಹತ್ತಿರದ ನೆಂಟರು ಯಾವ ಎರಡು? ಎಲೆ ನೋಡಿ ಹೇಳುವವರು ಈಚಲು ಮತ್ತು ತೆಂಗು ಎನ್ನುತ್ತಾರೆ. ಎರಡಕ್ಕೂ ಉದ್ದನೆಯ ಗರಿ, ತಾಳೆಗೆ ಮಾತ್ರ ಬೀಸಣಿಗೆ. ಆದರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಈಚಲು ತಾಳೆಯ ಮನೆಯದು, ತೆಂಗಿನ ಮನೆಯೇ ಬೇರೆ. ಇದನ್ನು ತಿಳಿಯಲು ಪ್ರಯೋಗಾಲಯ ಬೇಡ. ಗರಿಯ ಎಡಬಲಕ್ಕೆ ಸಾಲಾಗಿರುವ ಕಿರುಎಲೆಗಳಲ್ಲಿ ಒಂದನ್ನು ಬುಡದ ಹತ್ತಿರ ಅಡ್ಡ ಕತ್ತರಿಸಿ ಅಂಚನ್ನು ನೋಡಿದರೆ ಸಾಕು. ಗುಟ್ಟು ಇರುವುದು ಎಲೆಯ ಆಕಾರದಲ್ಲಲ್ಲ, ಮಡಿಕೆಯಲ್ಲಿ: ಅದು ಮನೆಯ ಮಾಡಿನಂತೆ ಕೆಳಕ್ಕೆ ಇಳಿದಿದೆಯೋ, ದೋಣಿಯಂತೆ ಮೇಲಕ್ಕೆ ಎದ್ದಿದೆಯೋ ಎಂಬುದರಲ್ಲಿ.

ಕುಟುಂಬದ ಹೆಸರು ಅರೆಕೇಸಿ. ಹಳೆಯ ಪುಸ್ತಕಗಳಲ್ಲಿ ಪಾಲ್ಮೇ ಎಂದಿರುತ್ತದೆ. ಸಸ್ಯಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮ ಎರಡನ್ನೂ ಒಪ್ಪುತ್ತದೆ, ಯಾವುದನ್ನು ಬರೆದರೂ ತಪ್ಪಲ್ಲ. ಅರೆಕೇಸಿ ಬಂದದ್ದು ಅಡಿಕೆಯ ಕುಲದ ಹೆಸರಾದ ಅರೆಕಾದಿಂದ. ಆ ಅರೆಕಾ ನಮ್ಮ ಕರಾವಳಿಯದೇ ಮಾತು: ಮಲಯಾಳದ ಅಡಕ್ಕ, ಕನ್ನಡದ ಅಡಿಕೆ ಪೋರ್ಚುಗೀಸರ ಬಾಯಲ್ಲಿ ಹಾಗಾಯಿತು. ಈ ಏಕದಳ ಕುಟುಂಬದಲ್ಲಿ 180ರಷ್ಟು ಕುಲಗಳು, 2,500ಕ್ಕೂ ಹೆಚ್ಚು ಪ್ರಭೇದಗಳು ಇವೆ. ಇಂದು ಎಲ್ಲರೂ ಅನುಸರಿಸುವ ವರ್ಗೀಕರಣ 2005ರಲ್ಲಿ ಬಂದು 2008ರಲ್ಲಿ ವಿಸ್ತಾರವಾಗಿ ಪ್ರಕಟವಾದದ್ದು. ಅದರ ಪ್ರಕಾರ ಕುಟುಂಬಕ್ಕೆ ಐದು ಉಪಕುಟುಂಬ: ಕ್ಯಾಲಮಾಯ್ಡಿ, ನೈಪಾಯ್ಡಿ, ಕೊರಿಫಾಯ್ಡಿ, ಸೆರಾಕ್ಸಿಲಾಯ್ಡಿ, ಅರೆಕಾಯ್ಡಿ. ಕರ್ನಾಟಕದಲ್ಲಿ ತಾನಾಗಿ ಬೆಳೆಯುವ ಅಥವಾ ಬೆಳೆಯಾಗಿ ಸಿಗುವ ಮರಗಳೆಲ್ಲ ಇವುಗಳಲ್ಲಿ ಮೂರಕ್ಕೆ ಸೇರುತ್ತವೆ: ಬೆತ್ತದ ಮನೆ ಕ್ಯಾಲಮಾಯ್ಡಿ, ತಾಳೆಯ ಮನೆ ಕೊರಿಫಾಯ್ಡಿ, ಅಡಿಕೆ-ತೆಂಗಿನ ಮನೆ ಅರೆಕಾಯ್ಡಿ. ನೈಪಾಯ್ಡಿಯಲ್ಲಿ ಇಂದು ಉಳಿದಿರುವುದು ನೀಪಾ ಒಂದೇ ಪ್ರಭೇದ. ಅದನ್ನು ನೋಡಲು ಸುಂದರಬನಕ್ಕೋ ಅಂಡಮಾನಿಗೋ ಹೋಗಬೇಕು.

ಹೊರಡುವ ಮುಂಚೆ ಹರಿತವಾದ ಚಾಕು, 5 ಮೀಟರಿನ ಟೇಪು, 10 ಪಟ್ಟು ದೊಡ್ಡದಾಗಿ ತೋರುವ ಕೈಮಸೂರ, ಅಳಿಸದ ಮಾರ್ಕರ್ ಪೆನ್ನು, ಹಳೆಯ ದಿನಪತ್ರಿಕೆ ಇಟ್ಟುಕೊಳ್ಳಿ. ಬೆತ್ತ ನೋಡುವುದಿದ್ದರೆ ಚರ್ಮದ ಕೈಗವಸು ಬೇಕೇ ಬೇಕು. ಕಾಡಿನಲ್ಲಿ ಎಲೆ, ಕಾಯಿ ಕೀಳುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದಿರಬೇಕು. ಅನುಮತಿ ಇಲ್ಲದಿದ್ದರೆ ಫೋಟೋ ಮತ್ತು ಅಳತೆ ಸಾಕು.

ಒಂದನೇ ಹೆಜ್ಜೆ: ಇದು ತಾಳೆ ಕುಟುಂಬದ್ದೇ?

ಹೆಸರಿನಲ್ಲಿ ಪಾಮ್ ಇದ್ದ ಮಾತ್ರಕ್ಕೆ ಒಂದು ಗಿಡ ಈ ಕುಟುಂಬದ್ದಾಗುವುದಿಲ್ಲ. ಮನೆಯಂಗಳದಲ್ಲಿ ಸಾಗೊ ಪಾಮ್ ಎಂದು ನೆಡುವ ಸೈಕಾಸ್ ಹೂಬಿಡುವ ಸಸ್ಯವೇ ಅಲ್ಲ, ಪೈನ್ ಮರದಂತೆ ಹೊದಿಕೆಯಿಲ್ಲದ ಬೀಜದ ಗುಂಪಿಗೆ ಸೇರಿದ್ದು. ಅದರ ಎಳೆಯ ಗರಿ ಬಿಚ್ಚುವಾಗ ಕಿರುಎಲೆಗಳು ಜರೀಗಿಡದ ಕುಡಿಯಂತೆ ಸುರುಳಿ ಸುತ್ತಿಕೊಂಡಿರುತ್ತವೆ. ಟ್ರಾವೆಲರ್ಸ್ ಪಾಮ್ ಮಡಗಾಸ್ಕರಿನ ರಾವೆನಾಲ. ಅದರದು ಬಾಳೆಯಂಥ ಎಲೆ, ಎರಡೇ ಸಾಲಿನಲ್ಲಿ ನವಿಲುಗರಿಯ ಹಾಗೆ ಹರಡಿಕೊಂಡಿರುತ್ತದೆ. ಕೇದಗೆಯೂ ಈ ಕುಟುಂಬದ್ದಲ್ಲ. ಅದರ ಎಲೆ ಸೀಳದ ಒಂದೇ ಪಟ್ಟಿ, ಅಂಚಿಗೂ ನಡುನರಕ್ಕೂ ಮುಳ್ಳು. ಯಕ್ಕಾ, ಪೋನಿಟೇಲ್ ಪಾಮ್ ಎರಡೂ ಶತಾವರಿಯ ಬಳಗ.

ನಿಜವಾದ ತಾಳೆ ಬಳಗದ ಎಲೆ ಹುಟ್ಟುವಾಗ ಒಂದೇ ಹಾಳೆ. ಬೀಸಣಿಗೆಯನ್ನು ಮಡಚಿದಂತೆ ಸುಳಿಯೊಳಗೆ ಮಡಿಕೆ ಮಡಿಕೆಯಾಗಿ ಕೂತಿರುತ್ತದೆ, ಹೊರಬರುವಾಗ ಆ ಮಡಿಕೆಗಳ ಗುಂಟ ಸೀಳಿಕೊಳ್ಳುತ್ತದೆ. ಇದನ್ನು ನೋಡಲು ಬೆಳೆದ ಮರದ ಸುಳಿಯನ್ನು ಬಿಚ್ಚಬೇಡಿ. ಒಂದು ಕಾಂಡಕ್ಕೆ ಒಂದೇ ಸುಳಿ, ಅದು ಹೋದರೆ ಆ ಕಾಂಡವೇ ಹೋಯಿತು. ಬದಲಿಗೆ ನರ್ಸರಿಯಲ್ಲಿ ಆರು ತಿಂಗಳ ತೆಂಗಿನ ಸಸಿಯ ಮುಂದೆ ಕುಳಿತುಕೊಳ್ಳಿ. ಮೊದಲ ಎಲೆಗಳು ಸೀಳದೆ ಇಡಿಯಾಗಿರುತ್ತವೆ, ತುದಿ ಮಾತ್ರ ಮೀನಿನ ಬಾಲದಂತೆ ಎರಡಾಗಿರುತ್ತದೆ, ಮೈತುಂಬ ಮಡಿಕೆಯ ಗೆರೆ. ಸ್ವಲ್ಪ ದೊಡ್ಡ ಸಸಿಯಲ್ಲಿ ಅದೇ ಗೆರೆಗಳು ಬಿರಿಯತೊಡಗಿರುವುದು ಕಾಣುತ್ತದೆ.

ಮರ ಕಡಿದ ಜಾಗವಿದ್ದರೆ ಕಾಂಡದ ಅಡ್ಡಮುಖವನ್ನೂ ನೋಡಿ. ಮಾವು, ಹಲಸಿನಲ್ಲಿರುವ ಉಂಗುರಗಳ ಬದಲು ಇಲ್ಲಿ ಸಾವಿರಾರು ಕಂದು ಚುಕ್ಕೆ, ಹೊರಗೆ ಒತ್ತೊತ್ತಾಗಿ, ತಿರುಳಿನ ಕಡೆ ವಿರಳವಾಗಿ. ತೆಂಗಿನ ತೊಲೆ ಕೊಯ್ಯುವವರು ಹೊರಭಾಗವನ್ನೇ ಆರಿಸಿಕೊಳ್ಳುವುದು ಇದಕ್ಕೇ. ಕಾಂಡವನ್ನು ವರ್ಷ ವರ್ಷ ದಪ್ಪ ಮಾಡುವ ಕೇಂಬಿಯಂ ಪದರ ಈ ಕುಟುಂಬಕ್ಕಿಲ್ಲ. ಹಾಗಾಗಿ ಕಾಂಡಕ್ಕೆ ಹೊಡೆದ ಮೊಳೆಯ ಗಾಯ, ಹತ್ತಲು ಕಡಿದ ಮೆಟ್ಟಿಲು ಎಂದೂ ಕೂಡಿಕೊಳ್ಳುವುದಿಲ್ಲ. ಗುರುತಿಗೆಂದು ಮರಕ್ಕೆ ಮೊಳೆ ಹೊಡೆದು ಹಲಗೆ ಹಾಕಲೇಬೇಡಿ, ದಾರ ಕಟ್ಟಿ. ವಯಸ್ಸಿನ ಅಂದಾಜಿಗೆ ಉಂಗುರದ ಬದಲು ಗರಿ ಬಿದ್ದ ಕಲೆಗಳನ್ನು ಎಣಿಸಬಹುದು: ಚೆನ್ನಾಗಿ ಬೆಳೆದ ತೆಂಗು ವರ್ಷಕ್ಕೆ ಸುಮಾರು 12 ಗರಿ ಬಿಡುತ್ತದೆ. ಕಲೆಗಳ ಸಂಖ್ಯೆಯನ್ನು 12ರಿಂದ ಭಾಗಿಸಿ, ಕಾಂಡ ಏಳುವ ಮುಂಚಿನ ನಾಲ್ಕೈದು ವರ್ಷ ಕೂಡಿಸಿ. ಬರ ಬಂದ ವರ್ಷಗಳಲ್ಲಿ ಗರಿ ಕಡಿಮೆಯಾಗುವುದರಿಂದ ಇದು ಅಂದಾಜು ಮಾತ್ರ.

ಎರಡನೇ ಹೆಜ್ಜೆ: ಮಡಿಕೆಯ ಪರೀಕ್ಷೆ

ಇಡೀ ಕೆಲಸದ ಜೀವ ಇಲ್ಲಿದೆ, ಅವಸರ ಬೇಡ. ಮರದಲ್ಲೇ ಇರುವ ಹಸಿರು ಗರಿಯೊಂದರ ನಡುಭಾಗವನ್ನು ಆರಿಸಿ. ಕತ್ತರಿಸುವ ಮೊದಲೇ ಗರಿಯ ಮೇಲ್ಮುಖಕ್ಕೆ ಮಾರ್ಕರಿನಿಂದ ಒಂದು ಚುಕ್ಕೆ ಇಡಿ. ಕೆಳಗೆ ಬಿದ್ದ ಗರಿಯಲ್ಲಿ ಮೇಲು ಕೆಳಗು ಅದಲುಬದಲಾಗಿ ಉತ್ತರವೇ ತಿರುಗಿಬೀಳುತ್ತದೆ. ಹೆಚ್ಚಿನ ತಪ್ಪುಗಳು ಆಗುವುದು ಇದೊಂದರಿಂದಲೇ. ಈಗ ಒಂದು ಕಿರುಎಲೆಯನ್ನು ದಿಂಡಿಗೆ (ಗರಿಯ ನಡುಕೋಲಿಗೆ) ಸೇರಿದ ಜಾಗದಿಂದ 1ರಿಂದ 2 ಸೆಂಟಿಮೀಟರ್ ದೂರದಲ್ಲಿ ಅಡ್ಡ ಕತ್ತರಿಸಿ, ಚುಕ್ಕೆ ಮೇಲಿರುವಂತೆ ಹಿಡಿದು ದಿಂಡಿನಲ್ಲಿ ಉಳಿದ ತುಂಡಿನ ಅಂಚನ್ನು ನೋಡಿ.

ತೆಂಗಿನಲ್ಲಿ ಅದು ಹಂಚಿನ ಮನೆಯ ಮಾಡಿನ ಹಾಗಿರುತ್ತದೆ. ಪೊರಕೆಗೆ ಬಳಸುವ ಕಡ್ಡಿ ಮೇಲೆ ಕೂಡುತೊಲೆಯಂತೆ, ಎಲೆಯ ಎರಡು ಮಗ್ಗುಲು ಆಚೀಚೆ ಇಳಿಜಾರು. ನೀರು ಹಾಕಿದರೆ ಹೊರಕ್ಕೆ ಜಾರುತ್ತದೆ. ಇದನ್ನು ಮಾಡು ಮಡಿಕೆ ಎನ್ನೋಣ, ಶಾಸ್ತ್ರದಲ್ಲಿ ರಿಡುಪ್ಲಿಕೇಟ್. ಈಚಲಿನಲ್ಲಿ ಇದರ ತಿರುವುಮುರುವು. ನಡುನರ ತಳದಲ್ಲಿ, ಮಗ್ಗುಲುಗಳು ಮೇಲಕ್ಕೆ, ಸೂರಿನ ನೀರು ಹಿಡಿಯುವ ದೋಣಿಯ ಹಾಗೆ. ಒಂದು ಹನಿ ನೀರು ಬಿಟ್ಟರೆ ಒಳಗೇ ನಿಲ್ಲುತ್ತದೆ. ಇದು ದೋಣಿ ಮಡಿಕೆ, ಇಂಡುಪ್ಲಿಕೇಟ್.

ನಮ್ಮಲ್ಲಿ ಸಿಗುವ ಮರಗಳಲ್ಲಿ ದೋಣಿ ಇದ್ದರೆ ಕೊರಿಫಾಯ್ಡಿ, ಮಾಡು ಇದ್ದರೆ ಅರೆಕಾಯ್ಡಿ ಅಥವಾ ಬೆತ್ತದ ಕ್ಯಾಲಮಾಯ್ಡಿ. ಗರಿಯ ತುದಿ ನೋಡಿಯೂ ಖಾತ್ರಿ ಮಾಡಿಕೊಳ್ಳಬಹುದು. ದೋಣಿ ಮಡಿಕೆಯ ಗರಿಯ ಕೊನೆಯಲ್ಲಿ ಸಾಮಾನ್ಯವಾಗಿ ಒಂಟಿ ಕಿರುಎಲೆ ಇರುತ್ತದೆ, ಮಾಡು ಮಡಿಕೆಯ ಗರಿ ಜೋಡಿಯಲ್ಲಿ ಮುಗಿಯುತ್ತದೆ.

ಎಡವುವ ಜಾಗಗಳು ಮೂರು. ಕಿರುಎಲೆಯ ನಡುವನ್ನು ಕತ್ತರಿಸಿದರೆ ಅಲ್ಲಿ ಎಲೆ ಚಪ್ಪಟೆಯಾಗಿರುತ್ತದೆ, ಏನೂ ತಿಳಿಯುವುದಿಲ್ಲ. ಒಣಗಿದ ಎಲೆ ಹೇಗೆ ಬೇಕೋ ಹಾಗೆ ಮುದುಡುವುದರಿಂದ ಅದನ್ನು ನಂಬಬಾರದು. ಮೂರನೆಯದು ಅಡಿಕೆಯಂಥ ಮರಗಳದು. ಅಡಿಕೆಯ ಒಂದೊಂದು ಕಿರುಎಲೆಯಲ್ಲೂ ಹಲವು ಮಡಿಕೆ ಸೇರಿಕೊಂಡಿರುತ್ತವೆ, ಅಡ್ಡ ಕತ್ತರಿಸಿದರೆ ಏರಿಳಿತದ ಸಾಲೇ ಕಾಣುತ್ತದೆ. ಆಗ ನಡುವನ್ನು ಬಿಟ್ಟು ಎರಡು ಕೊನೆಯ ಅಂಚುಗಳನ್ನು ಮಾತ್ರ ಗಮನಿಸಿ: ಅಂಚು ಕೆಳಕ್ಕೆ ಇಳಿದಿದ್ದರೆ ಮಾಡು, ಮೇಲಕ್ಕೆ ಎದ್ದಿದ್ದರೆ ದೋಣಿ.

ಮೂರನೇ ಹೆಜ್ಜೆ: ದೋಣಿಯ ಮನೆಯೊಳಗೆ

ಬೀಸಣಿಗೆ ಎಲೆಯಿದ್ದರೆ ತಾಳೆಯೋ ಶ್ರೀತಾಳೆಯೋ ಎಂಬುದು ಮೊದಲ ಪ್ರಶ್ನೆ. ತಾಳೆ (ಬೊರಾಸಸ್ ಫ್ಲಾಬೆಲ್ಲಿಫರ್) ಬಯಲುಸೀಮೆಯಲ್ಲೂ ಕರಾವಳಿಯಲ್ಲೂ ಇದೆ. ಗಂಡು ಹೆಣ್ಣು ಮರ ಬೇರೆ ಬೇರೆ. ಗಂಡು ಮರದಲ್ಲಿ ಬೆರಳುಗಾತ್ರದ ಉದ್ದನೆಯ ಕದಿರು ಬಿಡುತ್ತದೆ, ಕಾಯಿ ಎಂದೂ ಬಿಡುವುದಿಲ್ಲ. ಅದನ್ನು ಬೇರೆ ಪ್ರಭೇದವೆಂದು ಬರೆದುಕೊಳ್ಳಬಾರದು. ಹೆಣ್ಣು ಮರದ ದೊಡ್ಡ ಕಾಯಿಯೊಳಗೆ ಸಾಮಾನ್ಯವಾಗಿ ಮೂರು ಬೀಜ. ಬೇಸಿಗೆಯಲ್ಲಿ ತಾಟಿನುಂಗು ಎಂದು ತಿನ್ನುವುದು ಇನ್ನೂ ಬಲಿಯದ ಆ ಬೀಜಗಳ ತಿರುಳನ್ನೇ.

ಶ್ರೀತಾಳೆ (ಕೊರಿಫಾ ಅಂಬ್ರಾಕ್ಯುಲಿಫೆರಾ), ತುಳುವರ ಪಣೋಲಿ, ಎಲೆಯಲ್ಲಿ ಇನ್ನೂ ದೊಡ್ಡದು. ಬಲಿತ ಎಲೆ 5 ಮೀಟರ್ ಅಗಲವಿರಬಹುದು. ತೊಟ್ಟಿನ ಅಂಚಿಗೆ ಗಟ್ಟಿ ಕರಿ ಹಲ್ಲು. ಇದು ಬದುಕಿನಲ್ಲಿ ಒಮ್ಮೆ ಮಾತ್ರ, 30ರಿಂದ 80 ವರ್ಷದ ನಡುವೆ, ನೆತ್ತಿಯಲ್ಲಿ ಹೂಬಿಡುತ್ತದೆ. ಸಸ್ಯಲೋಕದ ಅತಿ ದೊಡ್ಡ ಹೂಗೊಂಚಲು ಇದರದೇ. ಕಾಯಿ ಬಲಿತು ಉದುರಿದ ಮೇಲೆ ಮರ ಸಾಯುತ್ತದೆ. ಕಾಯಿ ಗುಂಡಗೆ, 3-4 ಸೆಂಟಿಮೀಟರ್, ಒಳಗೆ ಒಂದೇ ಬೀಜ. ಓಲೆಗರಿಯ ಹಸ್ತಪ್ರತಿಗಳನ್ನು ವಿವರಿಸುವವರು ಶ್ರೀತಾಳ, ಖರತಾಳ ಎಂದು ಎರಡು ಬಗೆ ಹೇಳುತ್ತಾರಲ್ಲ, ಆ ಭೇದ ಈ ಎರಡು ಮರಗಳದು: ಶ್ರೀತಾಳೆಯ ಓಲೆ ತೆಳು, ಬಾಗುತ್ತದೆ. ತಾಳೆಯದು ದಪ್ಪ, ಒರಟು. ಶ್ರೀತಾಳೆ ಹೂಬಿಟ್ಟಿತೆಂದು ಹೆದರಿ ಕಡಿಯುವ ಅಭ್ಯಾಸ ಕೆಲವೆಡೆ ಇದೆ. ದಯವಿಟ್ಟು ಬೀಜ ಬಲಿಯುವವರೆಗೆ ಬಿಡಿ. ಆ ಮರದಿಂದ ಮುಂದಿನ ಪೀಳಿಗೆ ಬರುವುದು ಅದೊಂದೇ ಸಲ.

ನರ್ಸರಿಯ ಬೀಸಣಿಗೆ ಎಲೆಯ ಲಿವಿಸ್ಟೋನ, ರ‍್ಯಾಪಿಸ್, ವಾಷಿಂಗ್ಟೋನಿಯ ಕೂಡ ಇದೇ ಉಪಕುಟುಂಬದವು.

ಗರಿಯಿದ್ದು, ಅದರ ಬುಡದ ಕಿರುಎಲೆಗಳು ಸೂಜಿಯಂಥ ಮುಳ್ಳಾಗಿದ್ದರೆ ಫೀನಿಕ್ಸ್ ಕುಲ, ಸಂಶಯವೇ ಬೇಡ. ಒಂಟಿ ಕಾಂಡ, ವಜ್ರಾಕಾರದ ಎಲೆಕಲೆ, 10 ಮೀಟರಿಗೂ ಮೀರಿದ ಎತ್ತರ ಇದ್ದರೆ ಈಚಲು (ಫೀನಿಕ್ಸ್ ಸಿಲ್ವೆಸ್ಟ್ರಿಸ್). ಬುಡದಲ್ಲಿ ಕಂದು ಬಿಡುವ, ನೆಟ್ಟು ಬೆಳೆಸಿದ ಮರವಾದರೆ ಖರ್ಜೂರ (ಫೀನಿಕ್ಸ್ ಡ್ಯಾಕ್ಟಿಲಿಫೆರಾ). ಗುಡ್ಡದ ಹುಲ್ಲುಗಾವಲು, ಎಲೆಯುದುರುವ ಕಾಡಿನಲ್ಲಿ ಆಳೆತ್ತರಕ್ಕೇ ನಿಂತ ಗಿಡ್ಡ ಈಚಲು ಫೀನಿಕ್ಸ್ ಲೌರೀರೈ. ಕುಲದ ಗುರುತು ಅಡುಗೆಮನೆಯಲ್ಲೇ ಸಿಗುತ್ತದೆ: ಖರ್ಜೂರದ ಬೀಜದ ಒಂದು ಮಗ್ಗುಲಲ್ಲಿ ಉದ್ದುದ್ದ ಸೀಳುಗೆರೆ, ತಿರುವಿದರೆ ಬೆನ್ನಿನ ಮೇಲೆ ಸಾಸಿವೆಗಿಂತ ಚಿಕ್ಕ ದುಂಡು ಕಲೆ. ಮೊಳಕೆ ಬರುವುದು ಆ ಕಲೆಯಿಂದ. ಈಚಲ ಬೀಜದಲ್ಲೂ ಇವೆರಡೂ ಇವೆ.

ಇನ್ನು ಬೈನೆ (ಕ್ಯಾರಿಯೋಟಾ ಯುರೆನ್ಸ್), ಕೆಲವೆಡೆ ಬಗನಿ. ಎರಡು ಸಲ ಕವಲೊಡೆದ ಗರಿ, ಮೀನಿನ ಬಾಲದಂತೆ ಹರಿದ ಅಂಚಿನ ಕಿರುಎಲೆ. ಇಡೀ ಕುಟುಂಬದಲ್ಲಿ ಹೀಗೆ ಎರಡು ಸಲ ಸೀಳಿದ ಗರಿ ಈ ಕುಲದಲ್ಲಿ ಮಾತ್ರ. 1987ರ ವರ್ಗೀಕರಣ ಇದನ್ನು ಅಡಿಕೆಯ ಮನೆಯಲ್ಲಿ, ಅರೆಕಾಯ್ಡಿಯಲ್ಲಿ ಇಟ್ಟಿತ್ತು. ಹೂವು ಮೂರು ಮೂರರ ಗುಂಪಿನಲ್ಲಿ, ನಡುವೆ ಹೆಣ್ಣು ಆಚೀಚೆ ಎರಡು ಗಂಡು, ಅಡಿಕೆ-ತೆಂಗಿನ ಬಳಗದಂತೆಯೇ ಇರುವುದು ಅದಕ್ಕೆ ಕಾರಣ. ಆದರೆ ಎಲೆಯ ಮಡಿಕೆ ದೋಣಿ! ಡಿಎನ್ಎ ಅಧ್ಯಯನಗಳು ಮಡಿಕೆಯ ಪರವಾಗಿ ನಿಂತವು, 2005ರಲ್ಲಿ ಬೈನೆ ತಾಳೆ-ಈಚಲಿನ ಮನೆಗೆ ಬಂತು. ಇಂದಿಗೂ ಹಳೆಯ ಪಟ್ಟಿಯನ್ನೇ ನಕಲು ಮಾಡಿದ ಬರಹಗಳು ಸಿಗುತ್ತವೆ. ಬೈನೆಯನ್ನು ಎಲ್ಲಿಟ್ಟಿದ್ದಾರೆ ಎಂದು ನೋಡಿದರೆ ಆ ಪಟ್ಟಿ ಎಷ್ಟು ಹಳೆಯದೆಂದು ಗೊತ್ತಾಗುತ್ತದೆ.

ಬೈನೆಯ ಹೂಗೊಂಚಲು ಜಡೆಯಂತೆ ಇಳಿಬೀಳುತ್ತದೆ. ಮೊದಲನೆಯದು ನೆತ್ತಿಯಲ್ಲಿ, ಆಮೇಲಿನವು ಒಂದೊಂದಾಗಿ ಕೆಳಗಿನ ಗಿಣ್ಣುಗಳಲ್ಲಿ, ಕೊನೆಯದು ಹಣ್ಣಾದ ಮೇಲೆ ಮರದ ಆಯುಸ್ಸು ಮುಗಿಯುತ್ತದೆ. ಹಣ್ಣನ್ನು ಬರಿಗೈಯಲ್ಲಿ ಹಿಸುಕಬೇಡಿ. ತಿರುಳಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿದ್ದು ಕೈ, ತುಟಿ ಉರಿದು ತುರಿಸುತ್ತದೆ. ಯುರೆನ್ಸ್ ಎಂದರೇ ಉರಿಸುವುದು.

ಘಟ್ಟದ ತೇವದ ಕಾಡಿನಲ್ಲಿ ದೋಣಿ ಮಡಿಕೆ, ಒಂದೇ ಸಲ ಸೀಳಿದ ಉದ್ದ ಗರಿ, ಎಲೆಯಡಿ ಬೆಳ್ಳಿಯ ಬಿಳುಪು, ಗುಂಪು ಕಾಂಡ ಕಂಡರೆ ಅದು ಪಶ್ಚಿಮಘಟ್ಟದಲ್ಲಿ ಮಾತ್ರ ಸಿಗುವ ಅರೆಂಗಾ ವೈಟಿಯೈ, ಬೈನೆಯ ಸೋದರ ಕುಲ.

ನಾಲ್ಕನೇ ಹೆಜ್ಜೆ: ಮಾಡಿನ ಮನೆಯೊಳಗೆ

ಕಾಂಡದ ತುದಿಯಲ್ಲಿ, ಗರಿಗಳ ಕೆಳಗೆ, ನುಣುಪಾದ ಹಸಿರು ಕೊಳವೆ ಇದೆಯೇ? ಅಡಿಕೆಯ ಹಾಳೆಗಳು ಒಂದರ ಮೇಲೊಂದು ಸುತ್ತಿಕೊಂಡು ಆಗುವುದು ಆ ಕೊಳವೆ. ಅದಿರುವ ಮರದಲ್ಲಿ ಗೊಂಚಲು ಹೊರಬರುವುದು ಹಾಳೆ ಬಿದ್ದ ಮೇಲೆ, ಅಂದರೆ ಗರಿಗಳ ಕೆಳಗೆ. ಸಿಂಗಾರ (ಅಡಿಕೆಯ ಹೂಗೊಂಚಲು) ಬಿರಿಯುವುದನ್ನು ನೋಡಿದ ತೋಟದವರಿಗೆ ಇದು ಹೊಸತಲ್ಲ. ತೆಂಗಿಗೆ ಕೊಳವೆಯಿಲ್ಲ, ಮಟ್ಟೆಯ ಬುಡದಲ್ಲಿ ನಾರಿನ ಬಲೆ ಇದೆ, ಹೊಂಬಾಳೆ ಗರಿಗಳ ನಡುವಿನಿಂದಲೇ ಬರುತ್ತದೆ.

ಕೊಳವೆ ಇದ್ದು ಒಂಟಿ ತೆಳು ಕಾಂಡವಾದರೆ ಅಡಿಕೆ (ಅರೆಕಾ ಕಟೆಚು). ಹೋಳು ಮಾಡಿದ ಅಡಿಕೆಯ ಬಿಳಿ ತಿರುಳಿನೊಳಗೆ ಕಂದು ಗೆರೆಗಳು ನುಗ್ಗಿ ಅಮೃತಶಿಲೆಯಂತೆ ಕಾಣುತ್ತದಲ್ಲ, ಬೀಜದ ಸಿಪ್ಪೆ ಒಳಕ್ಕೆ ಮಡಚಿ ಬೆಳೆದದ್ದರಿಂದ ಆದದ್ದು ಅದು. ಹೂವಿನಲ್ಲಿ ಕೇಸರ ಎಣಿಸಿ: ಅಡಿಕೆಯಲ್ಲಿ 6. ಮೂರೇ ಇದ್ದು ಗುಂಪಾಗಿ ಬೆಳೆದಿದ್ದರೆ ಅದು ಅಲಂಕಾರಕ್ಕೆ ನೆಡುವ ಅರೆಕಾ ಟ್ರೈಯಾಂಡ್ರಾ. ಘಟ್ಟದ ನೆರಳಿನಲ್ಲಿ ಗುಂಪು ಕಾಂಡದ, ಅಡಿಕೆಯನ್ನೇ ಹೋಲುವ ಗಿಡ ಕಾಡಡಿಕೆ (ಪಿನಾಂಗ ಡಿಕ್ಸೋನೈ). ಬುಡದಲ್ಲೋ ನಡುವಲ್ಲೋ ಉಬ್ಬಿದ ಸಿಮೆಂಟ್ ಬಣ್ಣದ ಕಂಬದಂಥ ಕಾಂಡ, ಮೇಲೆ ಉದ್ದ ಕೊಳವೆ ಇದ್ದರೆ ರಾಯಲ್ ಪಾಮ್ (ರಾಯ್‌ಸ್ಟೋನಿಯ ರೀಜಿಯ).

ಕೊಳವೆ ಇಲ್ಲದಿದ್ದರೆ ಚಿಪ್ಪನ್ನು ನೋಡಿ. ತೆಂಗಿನ ಚಿಪ್ಪಿನ ಮೂರು ಕಣ್ಣು ಕೊಕೊಸೀ ಎಂಬ ಇಡೀ ಪಂಗಡದ ಗುರುತು. ಅಂಡಾಶಯದ ಮೂರು ಕೋಣೆಗಳಲ್ಲಿ ಎರಡು ಬಾಡಿ ಒಂದೇ ಬೆಳೆದದ್ದರ ಸಾಕ್ಷಿ ಅವು. ಬೆರಳಿಗೆ ಮೆತ್ತಗೆ ಸಿಗುವ ಕಣ್ಣಿನ ಹಿಂದೆಯೇ ಮೊಳಕೆಯ ಅಂಕುರ ಕೂತಿರುತ್ತದೆ, ಉಳಿದೆರಡು ಬಿಗಿಯಾಗಿ ಮುಚ್ಚಿರುತ್ತವೆ. ಪಾಮ್ ಎಣ್ಣೆ ಕೊಡುವ ಮರದ (ಎಲೈಸ್ ಗಿನೀನ್ಸಿಸ್) ಹಣ್ಣಿನ ತಿರುಳು ಕೆರೆದು ಕರಿ ಚಿಪ್ಪನ್ನು ತೊಳೆದು ನೋಡಿದರೆ ಅಲ್ಲೂ ಮೂರು ತೂತು! ಕನ್ನಡದಲ್ಲಿ ತಾಳೆ ಎಣ್ಣೆ, ತಾಳೆ ಬೆಳೆ ಎಂದು ಬರೆಯುತ್ತೇವಾದರೂ ಆ ಎಣ್ಣೆ ಬರುವುದು ನಮ್ಮ ತಾಳೆಯಿಂದಲ್ಲ, ಆಫ್ರಿಕದಿಂದ ಬಂದ, ತೆಂಗಿಗೆ ನೆಂಟನಾದ ಈ ಮರದಿಂದ. ಲೇಖನ, ವರದಿ ಬರೆಯುವವರು ಎಣ್ಣೆತಾಳೆ ಎಂದೇ ಬರೆದರೆ ಗೊಂದಲ ತಪ್ಪುತ್ತದೆ.

ಬೆತ್ತ

ಮಾಡು ಮಡಿಕೆ, ಬಳ್ಳಿಯ ಕಾಂಡ, ಎಲೆಯ ಬುಡದಲ್ಲಿ ಕಾಂಡವನ್ನು ಸುತ್ತಿದ ಹಾಳೆಯ ಮೈತುಂಬ ಮುಳ್ಳು ಇದ್ದರೆ ಕ್ಯಾಲಮಸ್. ಹಣ್ಣು ಒಂದು ಸಿಕ್ಕರೆ ಸಂದೇಹ ಉಳಿಯುವುದಿಲ್ಲ, ಚಿಪ್ಪುಹಂದಿಯ ಮೈಯಂತೆ ಕೆಳಮುಖವಾಗಿ ಜೋಡಿಸಿದ ಹೊಳಪಿನ ಚಿಪ್ಪುಗಳ ಹೊದಿಕೆ ಅದಕ್ಕಿರುತ್ತದೆ. ಪ್ರಭೇದ ಗುರುತಿಸಲು ಕೊಕ್ಕೆಬಳ್ಳಿ (ಬೆತ್ತ ಮರ ಹತ್ತಲು ಬಳಸುವ, ಕೊಕ್ಕೆಮುಳ್ಳಿನ ಚಾಟಿ) ಎಲ್ಲಿಂದ ಹೊರಟಿದೆ ಎಂಬುದನ್ನು ಬರೆದುಕೊಳ್ಳಲೇಬೇಕು. ಗರಿಯ ತುದಿಯೇ ಮುಂದುವರಿದು ಕೊಕ್ಕೆಯಾದದ್ದು ಸಿರಸ್, ಹಾಳೆಯ ಮಗ್ಗುಲಿಂದ ಬೇರೆಯಾಗಿ ಹೊರಟದ್ದು ಫ್ಲೆಜೆಲಂ. ನಾಗಬೆತ್ತಕ್ಕೆ ಶಾಸ್ತ್ರೀಯ ಹೆಸರೂ ಕನ್ನಡದಿಂದಲೇ ಬಂದಿದೆ: ಕ್ಯಾಲಮಸ್ ನಾಗಬೆತ್ತೈ.

ಕೊನೆಯ ಹೆಜ್ಜೆ: ದಾಖಲೆ ಮತ್ತು ಹೆಸರು

ಗರಿ 3-4 ಮೀಟರ್ ಇರುವಾಗ ಅದನ್ನು ಪತ್ರಿಕೆಯಲ್ಲಿ ಒತ್ತಲಾಗದು. ಬುಡ, ನಡು, ತುದಿ ಎಂದು ತಲಾ 30 ಸೆಂಟಿಮೀಟರಿನ ಮೂರು ತುಂಡು ಸಾಕು, ದಿಂಡಿನ ಒಂದು ಬದಿಯ ಕಿರುಎಲೆಗಳನ್ನು ಬುಡ ಮಾತ್ರ ಉಳಿಸಿ ಕತ್ತರಿಸಿ. ಮೂರಕ್ಕೂ ಒಂದೇ ಸಂಖ್ಯೆಯ ಚೀಟಿ ಕಟ್ಟಿ. ತುಂಡಿನಲ್ಲಿ ಕಾಣದ ವಿಷಯವನ್ನು ಬರೆದೇ ಇಡಬೇಕು: ಒಟ್ಟು ಎತ್ತರ, 1.3 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ, ಒಂಟಿಯೋ ಗುಂಪೋ, ತೊಟ್ಟಿನ ಉದ್ದ, ದಿಂಡಿನ ಉದ್ದ, ಒಂದು ಬದಿಯ ಕಿರುಎಲೆಗಳ ಸಂಖ್ಯೆ, ಮಡಿಕೆ, ಗೊಂಚಲಿನ ಜಾಗ, ಹಣ್ಣಿನ ಬಣ್ಣ. ಹೂವನ್ನು ಶೇ. 70ರ ಆಲ್ಕೋಹಾಲಿನಲ್ಲಿ ಇಡಿ, ಒಣಗಿಸಿದರೆ ಕೇಸರ ಎಣಿಸಲು ಬರುವುದಿಲ್ಲ.

ಹೆಸರು ಬರೆಯುವಾಗ ಕೊನೆಯಲ್ಲಿ ಬರುವ ಕರ್ತೃವಿನ ಹೆಸರನ್ನು ಬಿಡಬೇಡಿ. ತೆಂಗು, ಅಡಿಕೆ, ತಾಳೆ, ಶ್ರೀತಾಳೆ, ಬೈನೆ ಎಲ್ಲಕ್ಕೂ 1753ರಲ್ಲಿ ಹೆಸರಿಟ್ಟವನು ಲಿನೇಯಸ್, ಹಾಗಾಗಿ ಅವುಗಳ ಮುಂದೆ ಬರೀ ಲಿ. ಎಂದಿರುತ್ತದೆ. ಈಚಲಿನ ಮುಂದೆ ಲಿನೇಯಸನ ಹೆಸರು ಕಂಸದಲ್ಲಿ, ಆಮೇಲೆ ರಾಕ್ಸ್‌ಬರ್ಗ್. ಲಿನೇಯಸ್ ಎಲೇಟ್ ಎಂಬ ಕುಲದಲ್ಲಿ ಇಟ್ಟದ್ದನ್ನು ರಾಕ್ಸ್‌ಬರ್ಗ್ ಫೀನಿಕ್ಸಿಗೆ ತಂದ ಎಂದು ಆ ಕಂಸವೇ ಹೇಳುತ್ತದೆ.

ನರ್ಸರಿಯ ಚೀಟಿಯನ್ನು ಹಾಗೆಯೇ ನಕಲು ಮಾಡಬೇಡಿ. ಅಲ್ಲಿ ಅರೆಕಾ ಪಾಮ್ ಎಂದು ಕುಂಡದಲ್ಲಿ ಮಾರುವ ಹಳದಿ ತೊಟ್ಟಿನ ಗಿಡ ಅರೆಕಾ ಅಲ್ಲ, ಮಡಗಾಸ್ಕರಿನದು. ಅದರ ಹೆಸರು ಕ್ರಿಸಲಿಡೊಕಾರ್ಪಸ್ ಲುಟೆಸೆನ್ಸ್ ಇದ್ದದ್ದು 1995ರಲ್ಲಿ ಡಿಪ್ಸಿಸ್ ಲುಟೆಸೆನ್ಸ್ ಆಗಿ, 2022ರಲ್ಲಿ ಮತ್ತೆ ಹಳೆಯ ಹೆಸರಿಗೇ ಮರಳಿದೆ. ರಾಯಲ್ ಪಾಮ್ ಅನ್ನು ಬಾಟಲ್ ಪಾಮ್ ಎಂದು ಮಾರುವುದೂ ಮಾಮೂಲು. ನಿಜವಾದ ಬಾಟಲ್ ಪಾಮ್, ಹಯೊಫೋರ್ಬೆ, ಹಿಂದೂ ಮಹಾಸಾಗರದ ಮ್ಯಾಸ್ಕರೀನ್ ದ್ವೀಪಗಳ ಗಿಡ್ಡ ಮರ.

ಬೀಜ ಸಿಕ್ಕಿದ್ದರೆ ಬಿತ್ತಿ, ಸಸಿಯೂ ಗುರುತು ಹೇಳುತ್ತದೆ. ತೆಂಗು, ಅಡಿಕೆಯ ಮೊಳಕೆ ಕಾಯಿಗೆ ಅಂಟಿಕೊಂಡೇ ಏಳುತ್ತದೆ, ಮೊದಲ ಎಲೆಯ ತುದಿ ಎರಡು ಸೀಳು. ತಾಳೆ, ಈಚಲಿನಲ್ಲಿ ಬೀಜದಿಂದ ಒಂದು ಕೊಳವೆ ಮಣ್ಣಿಗಿಳಿದು, ಸಸಿ ಬೀಜದಿಂದ ದೂರದಲ್ಲಿ ಹುಲ್ಲಿನ ಎಸಳಿನಂಥ ಇಡೀ ಎಲೆಯಾಗಿ ಮೇಲೆ ಬರುತ್ತದೆ. ತಾಳೆಯ ಕೊಳವೆ ಬಲು ಆಳಕ್ಕಿಳಿಯುವುದರಿಂದ ತಟ್ಟೆಯಲ್ಲೋ ಸಣ್ಣ ಪಾಲಿಥಿನ್ ಚೀಲದಲ್ಲೋ ಬಿತ್ತಿದರೆ ತಳಕ್ಕೆ ತಾಗಿ ಸಸಿ ಸೊರಗುತ್ತದೆ, ಕಿತ್ತು ನೆಟ್ಟರೆ ಬದುಕುವುದು ಅಪರೂಪ. ತಾಳೆ ಬೀಜವನ್ನು ಮರ ಬೇಕಾದ ಜಾಗದಲ್ಲೇ, ಮಳೆಗಾಲದ ಹಸಿ ಮಣ್ಣಿನಲ್ಲಿ ನೇರವಾಗಿ ಊರಿ.